ಕಣ್ಣೀರು ಪುರಾವೆಯಾಗಬಲ್ಲುದೇ?

ರಮಝಾನ್ ಕಳೆದು ಎರಡು ತಿಂಗಳಾಗಿತ್ತು. ವಾರದ ಕುರ್‌ಆನ್ ತರಗತಿ ಮುಗಿದು ಎಲ್ಲರೂ ಬಾಗಿಲ ಬಳಿ ತಂತಮ್ಮ ಚಪ್ಪಲಿ ಹುಡುಕುತ್ತಿದ್ದಾಗ ಕಾಲೇಜು ವಿದ್ಯಾರ್ಥಿಯೊಬ್ಬ ಹಿಂದೆ ಉಳಿದ. ಮಾತು ಆರಂಭಿಸಲು ಅವನಿಗೆ ಕಷ್ಟವಾಗುತ್ತಿತ್ತು.

"ಉಸ್ತಾದ್, ಇಪ್ಪತ್ತೇಳನೇ ರಾತ್ರಿ ದುಆದ ವೇಳೆ ನಾನು ತುಂಬಾ ಅತ್ತಿದ್ದೆ. ಅಲ್ಲಾಹನು ನನ್ನ ಮಾತನ್ನು ಅಲ್ಲೇ ಕೇಳುತ್ತಿದ್ದಾನೆ ಅನಿಸಿತ್ತು. ಅಂದು ಯಾರಾದರೂ ಕೇಳಿದ್ದರೆ, ನನ್ನ ಈಮಾನಿಗೆ ಇದೇ ಪುರಾವೆ ಎನ್ನುತ್ತಿದ್ದೆ. ಈಗ ನಮಾಝಿಗೆ ನಿಂತರೆ ಏನೂ ಅನಿಸುವುದಿಲ್ಲ. ಹಾಸ್ಟೆಲಿನ ಗೆಳೆಯನೊಬ್ಬ ಹೇಳುತ್ತಾನೆ, ಪ್ರತಿಯೊಬ್ಬನೂ ತನ್ನ ತನ್ನ ದೇವರ ಮುಂದೆ ಅಳುತ್ತಾನೆ, ಅಳು ಬಂದಿತೆಂದು ಅದು ಸತ್ಯವಾಗಿ ಬಿಡುತ್ತದೆಯೇ ಎಂದು. ನಾನೇನು ಹೇಳಲಿ?"

ನಾನು ಅವನಿಗೆ ಸರಿಯಾದ ಉತ್ತರ ಕೊಡಲಿಲ್ಲ. ಅದು ಶೈತಾನನ ದುಷ್ಪ್ರೇರಣೆ, ಅಂಥವರ ಸಹವಾಸ ಬಿಡು ಎಂದು ಬೆನ್ನು ತಟ್ಟಿ ಕಳುಹಿಸಿದೆ. ಮುಂದಿನ ಎರಡು ವಾರ ಅವನು ತರಗತಿಗೆ ಬರಲಿಲ್ಲ. ಆ ಪ್ರಶ್ನೆ ಮಾತ್ರ ನನ್ನಲ್ಲೇ ಉಳಿಯಿತು. ಇದು ಅವನೊಬ್ಬನ ಪ್ರಶ್ನೆಯಲ್ಲ. ಓದುಗರೇ, ನಿಮ್ಮ ವಿಶ್ವಾಸದ ಆಧಾರವೇನೆಂದು ನಿಮ್ಮನ್ನು ಯಾರಾದರೂ ಕೇಳಿದರೆ, ಉತ್ತರದಲ್ಲಿ ಎಷ್ಟು ಪಾಲು ಪುರಾವೆ, ಎಷ್ಟು ಪಾಲು ಭಾವನೆ, ಎಷ್ಟು ಪಾಲು ಹೀಗೆಯೇ ಇರಬೇಕೆಂಬ ನಿಮ್ಮ ಸ್ವಂತ ಆಸೆ? ಭಾವನೆಗೂ ಸಂಕಲ್ಪಕ್ಕೂ ವಿಶ್ವಾಸದಲ್ಲಿ ಸ್ಥಾನವಿದೆಯೇ? ಇದ್ದರೆ ಎಲ್ಲಿ?

ಗ್ರಹಣದ ದಿನ

ಹಿಜರಿ 10ನೇ ವರ್ಷ ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ಮದೀನದಲ್ಲಿ ತೀರಿಕೊಂಡರು. ಇನ್ನೂ ಹಾಲು ಕುಡಿಯುವ ಮಗು. ಆ ಮಗುವನ್ನು ಎತ್ತಿಕೊಂಡಾಗ ಪ್ರವಾದಿವರ್ಯರ(ಸ) ಕಣ್ಣುಗಳು ತುಂಬಿ ಹರಿದುದನ್ನೂ, ತಾವೂ ಅಳುವಿರಾ ಎಂದು ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಅಚ್ಚರಿಯಿಂದ ಕೇಳಿದುದನ್ನೂ, ಇದು ಕರುಣೆಯೆಂದು ಅವರು ಉತ್ತರಿಸಿದುದನ್ನೂ ಬುಖಾರಿಯ ಹದೀಸ್‌ನಲ್ಲಿ ಓದುತ್ತೇವೆ. ಅದೇ ದಿನ ಸೂರ್ಯಗ್ರಹಣವಾಯಿತು. ಖಗೋಳ ಲೆಕ್ಕಾಚಾರದಂತೆ ಅದು ಕ್ರಿ.ಶ. 632ರ ಜನವರಿ 27ರ ಗ್ರಹಣ. ಹಗಲಲ್ಲೇ ಬೆಳಕು ಕುಂದಿತು. ಪ್ರವಾದಿಯ ಮಗನ ಸಾವಿಗಾಗಿಯೇ ಸೂರ್ಯ ಮಂಕಾಯಿತೆಂದು ಜನ ಮಾತಾಡಿಕೊಂಡರು.

ಆ ಸಂದರ್ಭವನ್ನು ಸ್ವಲ್ಪ ಊಹಿಸಿ ನೋಡಿ. ಇಡೀ ಊರು ದುಃಖದಲ್ಲಿದೆ. ಆಕಾಶವೇ ಆ ದುಃಖದಲ್ಲಿ ಪಾಲುಗೊಂಡಂತೆ ತೋರುತ್ತಿದೆ. ಜನರ ಭಕ್ತಿ ಹೆಚ್ಚಲು, ಸಂಶಯದಲ್ಲಿದ್ದವರು ಶರಣಾಗಲು ಇದಕ್ಕಿಂತ ಉತ್ತಮ ಅವಕಾಶ ಬೇಕೇ? ಪ್ರವಾದಿವರ್ಯರು(ಸ) ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಆದರೆ ಅವರು ಜನರನ್ನು ಕರೆದು ದೀರ್ಘ ನಮಾಝ್ ನಿರ್ವಹಿಸಿದರು. ಬಳಿಕ ನಿಂತು, ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳೆಂದೂ, ಯಾರದೇ ಹುಟ್ಟು ಸಾವುಗಳಿಗಾಗಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲವೆಂದೂ ಸ್ಪಷ್ಟಪಡಿಸಿದರು.

ಇಲ್ಲಿ ಗಮನಿಸಬೇಕಾದ ಎರಡು ವಿಷಯಗಳಿವೆ. ಅವರು ಭಾವನೆಯನ್ನು ತುಚ್ಛೀಕರಿಸಲಿಲ್ಲ. ಸ್ವತಃ ಅತ್ತರು, ಅದನ್ನು ಕರುಣೆಯೆಂದು ಕರೆದರು. ಆದರೆ ಆ ಅಳುವನ್ನು ಆಕಾಶದ ವಿದ್ಯಮಾನಕ್ಕೆ ಕಾರಣವಾಗಲು ಬಿಡಲಿಲ್ಲ. ಜನರ ಈಮಾನನ್ನು ಹೆಚ್ಚಿಸಬಹುದಾಗಿದ್ದ ಒಂದು ತಪ್ಪು ಆಧಾರವನ್ನು ಅವರು ತಮ್ಮ ಕೈಯಾರೆ ಕಿತ್ತು ಹಾಕಿದರು. ಹಾಸ್ಟೆಲಿನ ಗೆಳೆಯ ಎತ್ತಿದ ಆಕ್ಷೇಪವನ್ನು, ಅಂದರೆ ಮನಸ್ಸು ಕರಗಿದ ಮಾತ್ರಕ್ಕೆ ಒಂದು ಮಾತು ಸತ್ಯವಾಗುವುದಿಲ್ಲವೆಂಬುದನ್ನು, ನಮಗೆ ಮೊದಲು ಕಲಿಸಿದವರು ಸ್ವತಃ ಪ್ರವಾದಿವರ್ಯರೇ(ಸ). ಆ ಯುವಕನಿಗೆ ನಾನು ಇದನ್ನಾದರೂ ಹೇಳಬಹುದಿತ್ತು.

ಅದೇ ವರ್ಷ ಕೆಲವೇ ತಿಂಗಳುಗಳ ಬಳಿಕ ಇನ್ನೊಂದು ಘಟನೆ ನಡೆಯಿತು. ಪ್ರವಾದಿವರ್ಯರು(ಸ) ನಿಧನರಾದ ದಿನ ಉಮರ್(ರ)ರಂತಹ ದೃಢಚಿತ್ತರೇ ಆ ಸುದ್ದಿಯನ್ನು ಒಪ್ಪಲಿಲ್ಲ. ಮೂಸಾ(ಅ) ನಲ್ವತ್ತು ರಾತ್ರಿಗಳಿಗೆ ಹೋಗಿ ಮರಳಿದಂತೆ ಪ್ರವಾದಿಯೂ ಮರಳಿ ಬರುವರೆಂದು ಅವರು ಜನರ ನಡುವೆ ನಿಂತು ಸಾರುತ್ತಿದ್ದರು. ಅಬೂಬಕರ್(ರ) ಬಂದು, ಒಳಗೆ ಹೋಗಿ ಮುಖದ ಮೇಲಿನ ಬಟ್ಟೆ ಸರಿಸಿ ಮುತ್ತಿಟ್ಟು, ಹೊರಬಂದು ಆಲ್ ಇಮ್ರಾನ್ ಸೂರಃದ 144ನೇ ಸೂಕ್ತವನ್ನು ಓದಿದರು. ಮುಹಮ್ಮದ್(ಸ) ಒಬ್ಬ ಸಂದೇಶವಾಹಕರು ಮಾತ್ರ, ಅವರಿಗಿಂತ ಮುಂಚೆಯೂ ಸಂದೇಶವಾಹಕರು ಗತಿಸಿ ಹೋಗಿದ್ದಾರೆ ಎಂಬರ್ಥದ ಸೂಕ್ತವದು. ಉಮರ್(ರ)ರ ಕಾಲುಗಳು ಅವರನ್ನು ಹೊರದಾದವು. ಅವರು ನೆಲಕ್ಕೆ ಕುಸಿದರು.

ಉಮರ್(ರ)ರ ಪ್ರೀತಿ ಸುಳ್ಳಾಗಿತ್ತೇ? ಖಂಡಿತ ಅಲ್ಲ. ಆದರೆ ಅಷ್ಟು ಶುದ್ಧವಾದ ಪ್ರೀತಿಗೂ ನಡೆದುದನ್ನು ನಡೆಯಲಿಲ್ಲವೆಂದು ತೀರ್ಮಾನಿಸುವ ಹಕ್ಕಿರಲಿಲ್ಲ. ಅವರ ಹಿರಿಮೆ ಎಲ್ಲಿದೆಯೆಂದರೆ, ಕತ್ತಿ ಹಿಡಿದು ಸಾರುತ್ತಿದ್ದ ಮಾತನ್ನು ಒಂದು ಸೂಕ್ತ ಕಿವಿಗೆ ಬಿದ್ದೊಡನೆ ಕೈಬಿಟ್ಟರು. ಸಂಕಲ್ಪದ ಕೆಲಸ ಇಲ್ಲಿ ಕಾಣಿಸುತ್ತದೆ. ಹಟ ಹಿಡಿಯುವುದಕ್ಕಿಂತಲೂ ಹಟ ಬಿಡುವುದಕ್ಕೆ ಹೆಚ್ಚು ಮನೋಬಲ ಬೇಕು.

ಹಾಗಾದರೆ ಭಾವನೆಗೆ ಸತ್ಯವನ್ನು ಅರಿಯುವುದರಲ್ಲಿ ಯಾವ ಪಾಲೂ ಇಲ್ಲವೇ? ಇದೆ. ಅದನ್ನು ಖದೀಜಾ(ರ)ರಲ್ಲಿ ನೋಡಬೇಕು. ಕ್ರಿ.ಶ. 610ರಲ್ಲಿ ಹಿರಾ ಗುಹೆಯಿಂದ ಪ್ರವಾದಿವರ್ಯರು(ಸ) ನಡುಗುತ್ತಾ ಮನೆಗೆ ಬಂದು ತಮಗೆ ಹೊದಿಸಲು ಹೇಳಿದರು. ತಮಗೇನಾಯಿತೋ ಎಂಬ ಭೀತಿ ಅವರಿಗಿತ್ತು. ಖದೀಜಾ(ರ) ಹೇಳಿದ್ದೇನು? ತಾವು ಕುಟುಂಬ ಸಂಬಂಧಗಳನ್ನು ಉಳಿಸುವವರು, ಬಲಹೀನರ ಭಾರ ಹೊರುವವರು, ಇಲ್ಲದವರಿಗೆ ಗಳಿಸಿ ಕೊಡುವವರು, ಅತಿಥಿಗಳನ್ನು ಸತ್ಕರಿಸುವವರು, ತಮ್ಮಂಥವರನ್ನು ಅಲ್ಲಾಹನು ಅಪಮಾನಕ್ಕೀಡು ಮಾಡಲಾರನೆಂದರು. ಬಳಿಕ ಹಿಂದಿನ ಗ್ರಂಥಗಳನ್ನು ಬಲ್ಲ ವರಕಃ ಬಿನ್ ನೌಫಲ್‌ರ ಬಳಿಗೆ ಕರೆದೊಯ್ದರು. ಇದು ಕೇವಲ ಮಡದಿಯ ಸಾಂತ್ವನವೆಂದು ತಿಳಿಯಬೇಡಿ. ಇದೊಂದು ವಾದ. ಹದಿನೈದು ವರ್ಷ ಒಂದೇ ಮನೆಯಲ್ಲಿ ಬಾಳಿ ಕಂಡ ನಡತೆಯನ್ನು ಮುಂದಿಟ್ಟು ಮಾಡಿದ ತೀರ್ಮಾನ. ಆ ಪುರಾವೆ ಬೀದಿಯಲ್ಲಿ ಹೋಗುವವನಿಗೆ ದೊರೆಯುವಂತಹದಲ್ಲ. ಪ್ರೀತಿ ಅವರನ್ನು ಅಷ್ಟು ಹತ್ತಿರಕ್ಕೆ ಒಯ್ದಿತ್ತು, ಹತ್ತಿರವಿದ್ದುದರಿಂದ ಅವರು ಕಂಡಿದ್ದರು. ಭಾವನೆ ನಮ್ಮನ್ನು ನೋಡಬಲ್ಲಷ್ಟು ಸಮೀಪಕ್ಕೆ ಕೊಂಡೊಯ್ಯಬಹುದು. ಆದರೆ ಕಾಣದುದನ್ನು ಕಂಡೆನೆಂದು ಸಾಕ್ಷಿ ಹೇಳಲು ಅದಕ್ಕೆ ಅಧಿಕಾರವಿಲ್ಲ. ಪ್ರವಾದಿವರ್ಯರೂ(ಸ) ಮಕ್ಕಾದವರ ಮುಂದೆ ತಮ್ಮ ನಡುಕವನ್ನು ಪುರಾವೆಯಾಗಿ ಇಡಲಿಲ್ಲ. ನಿಮ್ಮ ನಡುವೆ ಒಂದು ಆಯುಷ್ಯವನ್ನೇ ಕಳೆದಿದ್ದೇನೆ, ಯೋಚಿಸುವುದಿಲ್ಲವೇ ಎಂದು ಕೇಳುವಂತೆ ಯೂನುಸ್ ಸೂರಃದ 16ನೇ ಸೂಕ್ತ ಅವರಿಗೆ ಆದೇಶಿಸಿತು.

ನಿರಾಕರಣೆಯ ಹಿಂದೆ

ಧರ್ಮವಿಶ್ವಾಸಿಗಳು ಭಾವುಕರು, ನಿರಾಕರಿಸುವವರು ವಿಚಾರವಾದಿಗಳು ಎಂಬ ಒಂದು ಮಾತು ಚಲಾವಣೆಯಲ್ಲಿದೆ. ವಸ್ತುಸ್ಥಿತಿ ಹಾಗಿಲ್ಲ. ಫಿರ್‌ಔನನೂ ಅವನ ಜನರೂ ದೃಷ್ಟಾಂತಗಳನ್ನು ಮನಸ್ಸಿನೊಳಗೆ ಒಪ್ಪಿಕೊಂಡಿದ್ದರೂ ಅಕ್ರಮ ಮತ್ತು ಅಹಂಕಾರದಿಂದ ನಿರಾಕರಿಸಿದರೆಂದು ಅನ್ನಮ್ಲ್ ಸೂರಃದ 14ನೇ ಸೂಕ್ತ ತಿಳಿಸುತ್ತದೆ. ಅಬೂಜಹಲ್‌ನ ಬಗ್ಗೆ ಇಬ್ನು ಇಸ್‌ಹಾಕ್ ಒಂದು ವರದಿಯನ್ನು ದಾಖಲಿಸಿದ್ದಾರೆ. ಕುರ್‌ಆನನ್ನು ಕದ್ದು ಆಲಿಸಿದ ಬಳಿಕ ಅಭಿಪ್ರಾಯ ಕೇಳಿದಾಗ ಅವನು ಕುರ್‌ಆನಿನ ಮಾತೇ ಎತ್ತಲಿಲ್ಲ. ಅಬ್ದುಮನಾಫ್ ವಂಶದವರೂ ನಾವೂ ಉಣಬಡಿಸುವುದರಲ್ಲಿ, ದಾನದಲ್ಲಿ, ಗೌರವದಲ್ಲಿ ಓಟದ ಕುದುರೆಗಳಂತೆ ಸರಿಸಮನಾಗಿ ಓಡಿದೆವು, ಈಗ ಅವರು ತಮ್ಮಲ್ಲೊಬ್ಬ ಪ್ರವಾದಿ ಇದ್ದಾನೆನ್ನುತ್ತಾರೆ, ಅದಕ್ಕೆ ನಾವೆಲ್ಲಿಂದ ಸರಿಗಟ್ಟಲಿ ಎಂದ. ಪುರಾವೆಯ ಪ್ರಶ್ನೆಗೆ ಅವನಿಂದ ಬಂದುದು ಮನೆತನದ ಪೈಪೋಟಿಯ ಉತ್ತರ.

ರೋಮ್ ಸಾಮ್ರಾಟ ಹಿರಕ್ಲಿಯಸ್‌ನ ಕತೆ ಇದಕ್ಕಿಂತಲೂ ಮನಕಲಕುವಂತಹದು. ಪ್ರವಾದಿವರ್ಯರ(ಸ) ಪತ್ರ ತಲುಪಿದಾಗ ಅವನು ಅಂದಿನ್ನೂ ವಿರೋಧಿಯಾಗಿದ್ದ ಅಬೂಸುಫ್ಯಾನ್‌ರನ್ನೇ ಕರೆಸಿ ಒಂದೊಂದಾಗಿ ಪ್ರಶ್ನಿಸಿದ. ಅವರ ವಂಶವೇನು, ಮುಂಚೆ ಸುಳ್ಳು ಹೇಳಿದ್ದುಂಟೇ, ಹಿಂಬಾಲಿಸುವವರು ಬಡವರೋ ಗಣ್ಯರೋ, ಸೇರಿದವರು ಬೇಸತ್ತು ಬಿಟ್ಟು ಹೋಗುತ್ತಾರೆಯೇ, ವಚನಭಂಗ ಮಾಡಿದ್ದುಂಟೇ? ಒಬ್ಬ ನ್ಯಾಯಾಧೀಶನೂ ಇದಕ್ಕಿಂತ ಚೆನ್ನಾಗಿ ವಿಚಾರಣೆ ನಡೆಸಲಾರ. ಉತ್ತರಗಳಿಂದ ಅವನು ಸರಿಯಾದ ತೀರ್ಮಾನಕ್ಕೂ ಬಂದ. ಆದರೆ ಅರಮನೆಯ ಬಾಗಿಲುಗಳನ್ನು ಮುಚ್ಚಿಸಿ ತನ್ನ ಗಣ್ಯರ ಮುಂದೆ ವಿಷಯವಿಟ್ಟಾಗ ಅವರು ಕಾಡುಕತ್ತೆಗಳಂತೆ ಬಾಗಿಲುಗಳ ಕಡೆಗೆ ನುಗ್ಗಿದರು. ಕೂಡಲೇ ಅವನು ಅವರನ್ನು ಮರಳಿ ಕರೆಸಿ, ನಿಮ್ಮ ನಿಷ್ಠೆಯನ್ನು ಪರೀಕ್ಷಿಸಲು ಹಾಗೆಂದೆ ಎಂದುಬಿಟ್ಟ. ಬುಖಾರಿ ಗ್ರಂಥದ ಆರಂಭದಲ್ಲೇ ಈ ದೀರ್ಘ ವರದಿಯಿದೆ. ಅವನಲ್ಲಿ ಅರಿವಿನ ಕೊರತೆಯಿರಲಿಲ್ಲ. ಸಿಂಹಾಸನದಿಂದ ಇಳಿಯುವ ಮನಸ್ಸಿರಲಿಲ್ಲ.

ಕಳೆದ ಶತಮಾನದಲ್ಲಿ ಮನಶ್ಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡ್ 1927ರಲ್ಲಿ ಬರೆದ ಪುಸ್ತಕವೊಂದರಲ್ಲಿ, ದೇವವಿಶ್ವಾಸವು ರಕ್ಷಿಸುವ ತಂದೆಯೊಬ್ಬ ಬೇಕೆಂಬ ಮಾನವನ ಹಂಬಲದಿಂದ ಹುಟ್ಟಿದ ಭ್ರಮೆಯೆಂದು ವಾದಿಸಿದ. ಅವನನ್ನು ಉದ್ಧರಿಸುವವರು ಅದೇ ಪುಸ್ತಕದಲ್ಲಿ ಅವನೇ ಒಪ್ಪಿಕೊಂಡ ಒಂದು ವಿಷಯವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹಂಬಲದಿಂದ ಹುಟ್ಟಿದ್ದು ಸುಳ್ಳೇ ಆಗಿರಬೇಕೆಂದಿಲ್ಲ ಎಂಬುದೇ ಅದು. ಬಾಯಾರಿದವನು ನೀರಿದೆಯೆಂದು ಭಾವಿಸಿದರೆ ಅದು ಮರೀಚಿಕೆಯೂ ಆಗಿರಬಹುದು, ಬಾವಿಯೂ ಆಗಿರಬಹುದು. ಬಾಯಾರಿಕೆಯೊಂದರಿಂದಲೇ ಎರಡರಲ್ಲಿ ಯಾವುದೆಂದು ತಿಳಿಯದು. ಹಾಗೆಯೇ, ಲೆಕ್ಕ ಒಪ್ಪಿಸಬೇಕಾದ ದಿನವೊಂದು ಬಾರದಿರಲಿ ಎಂದು ಬಯಸುವವನ ಹಂಬಲವನ್ನೂ ಪರಿಶೀಲಿಸಬೇಡವೇ?

ಇಲ್ಲಿ ನಾವು ಎಚ್ಚರ ವಹಿಸಬೇಕು. ಈ ವಾದ ಕೈಗೆ ಸಿಕ್ಕಿತೆಂದು, ಸಂಶಯ ಹೇಳಿಕೊಂಡು ಬರುವ ಪ್ರತಿಯೊಬ್ಬನ ಮೇಲೂ ದೇಹೇಚ್ಛೆಯ ಆರೋಪ ಹೊರಿಸುವುದು ಅನ್ಯಾಯ. ಯುದ್ಧರಂಗದಲ್ಲಿ ಕಲಿಮಾ ಉಚ್ಚರಿಸಿದವನನ್ನು, ಅವನು ಹೆದರಿ ಹೇಳಿದನೆಂದು ಭಾವಿಸಿ ಕೊಂದ ಉಸಾಮಾ(ರ)ರೊಂದಿಗೆ, ನೀನು ಅವನ ಹೃದಯವನ್ನು ಸೀಳಿ ನೋಡಿದೆಯಾ ಎಂದು ಪ್ರವಾದಿವರ್ಯರು(ಸ) ಕೇಳಿದ್ದರು. ಮನದ ಉದ್ದೇಶವನ್ನು ತನಿಖೆ ಮಾಡುವ ಅಧಿಕಾರ ನಮಗಿರುವುದು ಒಂದೇ ಹೃದಯದ ಮೇಲೆ, ನಮ್ಮದರ ಮೇಲೆ. ಚಪ್ಪಲಿ ಹುಡುಕುವ ಗಡಿಬಿಡಿಯಲ್ಲಿ ನಾನು ಮರೆತದ್ದು ಇದನ್ನೇ.

ಹಡಗಿನ ಮಾಲಿಕ

ಈ ವಿಷಯದಲ್ಲಿ ಪಾಶ್ಚಾತ್ಯ ಚಿಂತಕರಲ್ಲಿ ನಡೆದ ಒಂದು ಚರ್ಚೆ ನಮಗೂ ಉಪಯುಕ್ತವಾಗಿದೆ. ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರಲ್ಲಿ ವಿಶ್ವಾಸದ ನೀತಿಯ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ಒಬ್ಬ ಹಡಗಿನ ಮಾಲಿಕನಿದ್ದಾನೆ. ಹಡಗು ಹಳೆಯದು, ಪದೇ ಪದೇ ದುರಸ್ತಿಯಾದದ್ದು. ವಲಸೆ ಹೋಗುವ ಕುಟುಂಬಗಳು ಅದನ್ನು ಹತ್ತಲಿವೆ. ಮಾಲಿಕನಿಗೆ ಸಂಶಯ ಬರುತ್ತದೆ. ಪರೀಕ್ಷಿಸಿದರೆ ಖರ್ಚು. ಆದ್ದರಿಂದ ಅವನು ಆ ಸಂಶಯವನ್ನು ಮೆಲ್ಲನೆ ಬದಿಗೆ ಸರಿಸುತ್ತಾನೆ. ಈ ಹಡಗು ಎಷ್ಟೋ ಬಿರುಗಾಳಿಗಳನ್ನು ಕಂಡಿದೆ, ಇಷ್ಟು ಬಡವರನ್ನು ದೇವರು ಕೈಬಿಡಲಾರ ಎಂದು ಮನಸ್ಸನ್ನು ಒಪ್ಪಿಸುತ್ತಾನೆ. ಕೊನೆಗೆ ಪ್ರಾಮಾಣಿಕವಾಗಿಯೇ ನಂಬುತ್ತಾನೆ. ಹಡಗು ನಡುಗಡಲಲ್ಲಿ ಮುಳುಗುತ್ತದೆ, ಅವನು ವಿಮೆಯ ಹಣ ಪಡೆಯುತ್ತಾನೆ. ಹಡಗು ಸುರಕ್ಷಿತವಾಗಿ ತಲುಪಿದ್ದರೂ ಅವನ ಅಪರಾಧ ಕಡಿಮೆಯಾಗುತ್ತಿರಲಿಲ್ಲ, ಏಕೆಂದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎಂಬುದು ಕ್ಲಿಫರ್ಡನ ತೀರ್ಪು. ಪುರಾವೆ ಸಾಲದೆ ಏನನ್ನೂ ನಂಬಕೂಡದೆಂಬುದು ಅವನ ನಿಯಮ.

ಕ್ಲಿಫರ್ಡ್ ಧರ್ಮವಿರೋಧಿಯೆಂದು ಅವನ ಈ ಮಾತನ್ನು ತಳ್ಳಿಹಾಕುವ ಅಗತ್ಯವಿಲ್ಲ. ಅರಿವಿಲ್ಲದುದರ ಬೆನ್ನು ಹತ್ತಬೇಡಿ, ಕಿವಿ, ಕಣ್ಣು, ಹೃದಯ ಇವೆಲ್ಲವೂ ವಿಚಾರಣೆಗೊಳಗಾಗಲಿವೆ ಎಂದು ಅಲ್‌ಇಸ್ರಾ ಸೂರಃದ 36ನೇ ಸೂಕ್ತ ಎಚ್ಚರಿಸಿದೆ. ಹೃದಯವೂ ವಿಚಾರಣೆಗೊಳಗಾಗುತ್ತದೆ ಎಂಬುದನ್ನು ಗಮನಿಸಿ. ನನಗೆ ಹಾಗೆ ಅನಿಸಿತು ಎಂಬುದು ಅಲ್ಲಿ ಪೂರ್ಣ ಉತ್ತರವಾಗದು. ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆಯಿಡು ಎಂಬರ್ಥದ ತಿರ್ಮಿದಿ ವರದಿಯ ಮುಂದೆ ಆ ಮಾಲಿಕನನ್ನು ನಿಲ್ಲಿಸಿ ನೋಡಿ. ಅವನ ದೇವಭರವಸೆ ಎಂಬುದು ಹಗ್ಗದ ಖರ್ಚು ಉಳಿಸುವ ಉಪಾಯವಾಗಿತ್ತು.

ಕ್ಲಿಫರ್ಡನಿಗೆ ಅಮೆರಿಕದ ವಿಲಿಯಂ ಜೇಮ್ಸ್ 1896ರಲ್ಲಿ ಉತ್ತರಿಸಿದ. ಎಲ್ಲ ಪ್ರಶ್ನೆಗಳೂ ಪುರಾವೆ ತುಂಬಿ ಬರುವ ತನಕ ಕಾಯುವುದಿಲ್ಲ. ಕೆಲವು ಆಯ್ಕೆಗಳು ನಮ್ಮ ಮುಂದೆ ಜೀವಂತವಾಗಿರುತ್ತವೆ, ತಪ್ಪಿಸಿಕೊಳ್ಳಲಾಗದಂತಿರುತ್ತವೆ, ಬದುಕನ್ನೇ ಬದಲಿಸುವಷ್ಟು ದೊಡ್ಡವಾಗಿರುತ್ತವೆ. ಅಂತಹ ಕಡೆ ಬುದ್ಧಿಯೊಂದೇ ತೀರ್ಮಾನಿಸಲಾರದಾದಾಗ ಹೃದಯ ತೀರ್ಮಾನಿಸುವುದು ತಪ್ಪಲ್ಲ. ತೀರ್ಮಾನಿಸದೆ ಉಳಿಯುವುದೂ ಒಂದು ತೀರ್ಮಾನವೇ ಎಂದ. ಗೆಳೆತನದ ಉದಾಹರಣೆ ಕೊಟ್ಟ. ನೀನು ನನ್ನನ್ನು ಇಷ್ಟಪಡುತ್ತೀ ಎಂಬುದಕ್ಕೆ ಪುರಾವೆ ಸಿಗುವವರೆಗೆ ನಾನು ದೂರವೇ ನಿಂತರೆ ಆ ಪುರಾವೆ ಎಂದಿಗೂ ಸಿಗದು.

ಜೇಮ್ಸ್‌ನ ಮಾತಿನಲ್ಲಿ ತಥ್ಯವಿದೆ. ಐದು ಹೊತ್ತು ಸುಜೂದ್ ಮಾಡದೆ ಸುಜೂದ್‌ನ ಅರ್ಥವನ್ನು ಹೊರಗಿನಿಂದಲೇ ತಿಳಿಯುವೆನೆನ್ನುವುದು ದಡದಲ್ಲಿ ನಿಂತು ಈಜು ಕಲಿಯುವಂತೆ. ಆದರೂ ನಾನು ಅವನೊಂದಿಗೆ ಪೂರ್ತಿ ದೂರ ಹೋಗಲಾರೆ. ಅದಕ್ಕೆ ಕಾರಣವನ್ನು ಅವನ ಉಪನ್ಯಾಸವೇ ಒದಗಿಸುತ್ತದೆ. ಜೀವಂತ ಆಯ್ಕೆ ಯಾವುದೆಂದು ವಿವರಿಸಲು ಅವನು ಮಹ್ದಿಯ ಮೇಲಿನ ವಿಶ್ವಾಸದ ಉದಾಹರಣೆ ಕೊಡುತ್ತಾನೆ. ತನ್ನ ಮುಂದಿದ್ದ ಅಮೆರಿಕನ್ ಶ್ರೋತೃಗಳಿಗೆ ಅದು ಸತ್ತ ಕಲ್ಪನೆ, ಒಬ್ಬ ಅರಬನಿಗಾದರೆ ಜೀವಂತ ಎನ್ನುತ್ತಾನೆ. ಅಂದರೆ ಒಂದು ಮಾತು ನನಗೆ ಜೀವಂತವೋ ಅಲ್ಲವೋ ಎಂಬುದು ನಾನೆಲ್ಲಿ ಹುಟ್ಟಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಮಾತು ನಿಜವೋ ಎಂಬುದನ್ನಲ್ಲ. ನಮ್ಮ ಪೂರ್ವಜರನ್ನು ಒಂದು ಮಾರ್ಗದಲ್ಲಿ ಕಂಡೆವು, ಅದನ್ನೇ ಅನುಸರಿಸುತ್ತೇವೆ ಎಂದ ಮಕ್ಕಾದವರಿಗೆ ಲಾತ್ ಮತ್ತು ಉಝ್ಝಾ ಬಹಳ ಜೀವಂತವಾಗಿಯೇ ಇದ್ದವು. ಹೃದಯದ ಒಲವೇ ಸಾಕೆಂದಾದರೆ ಅವರನ್ನು ತಪ್ಪೆನ್ನಲು ನಮಗೆ ಯಾವ ಅಧಿಕಾರವಿದೆ?

ಗಝ್ಝಾಲಿಯವರ ಎರಡು ಬಿಕ್ಕಟ್ಟುಗಳು

ಪುರಾವೆ ಮತ್ತು ಸಂಕಲ್ಪ ಎಂಬ ಎರಡು ಪ್ರಶ್ನೆಗಳನ್ನೂ ತಮ್ಮ ಮೈಯಲ್ಲೇ ಅನುಭವಿಸಿದ ಒಬ್ಬರು ನಮ್ಮಲ್ಲಿದ್ದಾರೆ. 1058ರಲ್ಲಿ ಇಂದಿನ ಇರಾನಿನ ತೂಸ್‌ನಲ್ಲಿ ಜನಿಸಿ 1111ರಲ್ಲಿ ಅಲ್ಲೇ ನಿಧನರಾದ ಇಮಾಮ್ ಅಬೂಹಾಮಿದ್ ಗಝ್ಝಾಲಿ(ರ). ಇಳಿವಯಸ್ಸಿನಲ್ಲಿ ಬರೆದ 'ಅಲ್ ಮುನ್ಕಿದ್ ಮಿನದ್ದಲಾಲ್' ಎಂಬ ಕಿರುಗ್ರಂಥದಲ್ಲಿ ಅವರು ತಮ್ಮ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಅವರ ಆರಂಭ ಹಾಸ್ಟೆಲಿನ ಗೆಳೆಯನ ಪ್ರಶ್ನೆಯಿಂದಲೇ ಎಂದರೆ ನಿಮಗೆ ಆಶ್ಚರ್ಯವಾದೀತು. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿಯೇ, ಯಹೂದ್ಯರ ಮಕ್ಕಳು ಯಹೂದ್ಯರಾಗಿಯೇ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿಯೇ ಬೆಳೆಯುವುದನ್ನು ಅವರು ಕಂಡರು. ಹಾಗಾದರೆ ನನ್ನ ವಿಶ್ವಾಸವೂ ಹೆತ್ತವರಿಂದ ಬಂದ ಅಭ್ಯಾಸ ಮಾತ್ರವೇ ಎಂದು ಎಳೆಯ ಪ್ರಾಯದಲ್ಲೇ ಕೇಳಿಕೊಂಡರು. ಅಂಧಾನುಕರಣೆಯನ್ನು ಅವರು ಗಾಜಿಗೆ ಹೋಲಿಸಿದ್ದಾರೆ. ಒಮ್ಮೆ ಒಡೆದರೆ ಚೂರುಗಳನ್ನು ಅಂಟಿಸಿ ಪ್ರಯೋಜನವಿಲ್ಲ, ಬೆಂಕಿಯಲ್ಲಿ ಕರಗಿಸಿ ಹೊಸದಾಗಿ ಎರಕ ಹೊಯ್ಯಬೇಕು.

ನಿಶ್ಚಿತ ಜ್ಞಾನವೆಂದರೆ ಏನೆಂದು ತಿಳಿಸಲು ಅವರು ಕೊಡುವ ಉದಾಹರಣೆ ಮರೆಯಲಾಗದಂತಹದು. ಮೂರಕ್ಕಿಂತ ಹತ್ತು ದೊಡ್ಡದೆಂದು ನನಗೆ ಗೊತ್ತು. ಒಬ್ಬಾತ ಬಂದು ಅಲ್ಲ, ಮೂರೇ ದೊಡ್ಡದು, ಅದಕ್ಕೆ ಪುರಾವೆಯಾಗಿ ಈ ಕೋಲನ್ನು ಹಾವಾಗಿಸುತ್ತೇನೆಂದು ಹೇಳಿ ನನ್ನ ಕಣ್ಣೆದುರೇ ಹಾಗೆ ಮಾಡಿದರೂ, ಅವನದನ್ನು ಹೇಗೆ ಮಾಡಿದನೆಂದು ಬೆರಗಾಗುವೆನೇ ಹೊರತು ನನ್ನ ಜ್ಞಾನದಲ್ಲಿ ಸಂಶಯ ಹುಟ್ಟದು. ಎಂತಹ ಬೆರಗು ಮೂಡಿದರೂ ಮೂರು ಹತ್ತನ್ನು ಮೀರದು ಎಂದು ಒಬ್ಬ ವಿಶ್ವಾಸಿಯೇ ಬರೆದಿದ್ದಾರೆ.

ಈ ಅಳತೆಗೋಲಿನಿಂದ ಎಲ್ಲವನ್ನೂ ಅಳೆಯಹೊರಟಾಗ ಬಿಕ್ಕಟ್ಟು ಬಂತು. ಕಣ್ಣನ್ನು ನಂಬೋಣವೆಂದರೆ ಚಲಿಸುವ ನೆರಳು ನಿಂತಂತೆ ಕಾಣುತ್ತದೆ, ಭೂಮಿಗಿಂತ ದೊಡ್ಡದಾದ ನಕ್ಷತ್ರ ದೀನಾರ್ ನಾಣ್ಯದಷ್ಟು ಕಾಣುತ್ತದೆ. ಕಣ್ಣಿನ ತಪ್ಪನ್ನು ಬುದ್ಧಿ ತೋರಿಸಿಕೊಟ್ಟಿತು. ಬುದ್ಧಿಯ ತಪ್ಪನ್ನು ತೋರಿಸುವ ಇನ್ನೊಂದು ಶಕ್ತಿ ಅದರಾಚೆ ಇರಲಾರದೇ? ಕನಸಿನಲ್ಲಿರುವಾಗ ಕನಸೂ ನಿಜವೆಂದೇ ತೋರುತ್ತದಲ್ಲ? ಸುಮಾರು ಎರಡು ತಿಂಗಳು ಅವರು ಯಾವುದನ್ನೂ ನಂಬಲಾಗದ ಸ್ಥಿತಿಯಲ್ಲಿದ್ದರು. ಇದು ಕಾಯಿಲೆಯೆಂದೇ ಅವರು ಕರೆಯುತ್ತಾರೆ. ಅದರಿಂದ ಪಾರಾದದ್ದು ವಾದದಿಂದಲ್ಲ. ವಾದ ಕಟ್ಟಲು ಕೆಲವು ಪ್ರಾಥಮಿಕ ಸತ್ಯಗಳಾದರೂ ಕೈಯಲ್ಲಿರಬೇಕು, ಅವೇ ಕೈಬಿಟ್ಟಿದ್ದವು. ಅಲ್ಲಾಹನು ಎದೆಯೊಳಗೆ ಹಾಕಿದ ಒಂದು ಬೆಳಕಿನಿಂದ ಬುದ್ಧಿಯ ಮೂಲಸತ್ಯಗಳ ಮೇಲಿನ ಭರವಸೆ ಮರಳಿತೆಂದು ಅವರು ಹೇಳುತ್ತಾರೆ.

ಈ ಬೆಳಕು ಭಾವನೆಯಲ್ಲವೇ ಎಂದು ನೀವು ಕೇಳಬಹುದು. ಆ ಬೆಳಕು ಅವರಿಗೆ ಕೊಟ್ಟದ್ದೇನೆಂದು ನೋಡಿ. ಅದು ಬುದ್ಧಿಯನ್ನು ಬದಿಗೊತ್ತಲಿಲ್ಲ, ಬುದ್ಧಿಯನ್ನು ಅದರ ಕಾಲ ಮೇಲೆ ನಿಲ್ಲಿಸಿತು. ಅದಾದ ಮೇಲೆಯೇ ಅವರು ತರ್ಕಶಾಸ್ತ್ರಿಗಳು, ತತ್ವಜ್ಞಾನಿಗಳು, ಬಾತಿನಿಗಳು, ಸೂಫಿಗಳು ಎಲ್ಲರ ಗ್ರಂಥಗಳನ್ನೂ ಒಂದೊಂದಾಗಿ ಪರಿಶೀಲಿಸಹೊರಟರು. ವಿಚಾರವಾದಿಯೂ ತನ್ನ ಕಣ್ಣು, ನೆನಪು, ತರ್ಕಗಳನ್ನು ನಂಬುವುದು ಪುರಾವೆ ಪಡೆದಲ್ಲ, ಪುರಾವೆ ಕೇಳುವ ಮುಂಚೆಯೇ ನಂಬಿರುತ್ತಾನೆ. ಆದರೆ ಇದನ್ನೇ ನೆಪ ಮಾಡಿ, ಹೇಗೂ ಎಲ್ಲರೂ ಏನನ್ನಾದರೂ ಪುರಾವೆಯಿಲ್ಲದೆ ನಂಬುತ್ತಾರೆ, ನಾನೂ ನನಗೆ ಬೇಕಾದುದನ್ನು ನಂಬುತ್ತೇನೆ ಎನ್ನುವಂತಿಲ್ಲ. ಕೋಲು ಮತ್ತು ಹಾವಿನ ಉದಾಹರಣೆ ಅಲ್ಲಿ ಕಾವಲು ನಿಂತಿದೆ.

ಎರಡನೇ ಬಿಕ್ಕಟ್ಟು 1095ರಲ್ಲಿ. ಆಗ ಅವರು ಬಗ್ದಾದಿನ ನಿಝಾಮಿಯ್ಯಾದ ಪ್ರಾಧ್ಯಾಪಕರು, ಮುನ್ನೂರು ವಿದ್ಯಾರ್ಥಿಗಳು, ದೊರೆಗಳ ಆಸ್ಥಾನದಲ್ಲಿ ಗೌರವ. ಸಂಶಯಗಳೆಲ್ಲ ತೀರಿದ್ದವು. ಅಲ್ಲಾಹ್, ಪ್ರವಾದಿತ್ವ, ಪರಲೋಕಗಳಲ್ಲಿ ಅವರಿಗೆ ದೃಢವಿಶ್ವಾಸವಿತ್ತು. ಆದರೆ ತಮ್ಮ ಬೋಧನೆಯ ಉದ್ದೇಶವನ್ನು ಪರಿಶೀಲಿಸಿಕೊಂಡಾಗ ಅದು ಅಲ್ಲಾಹನ ಸಂಪ್ರೀತಿಗಾಗಿರಲಿಲ್ಲ, ಕೀರ್ತಿಗಾಗಿತ್ತು ಎಂದು ಕಂಡರು. ಕುಸಿಯುವ ದಂಡೆಯ ಅಂಚಿನಲ್ಲಿ ತಾನು ನಿಂತಿದ್ದೇನೆಂದು ಅನಿಸಿತು. ಬಗ್ದಾದ್ ಬಿಡಬೇಕೆಂದು ಒಂದು ದಿನ ನಿರ್ಧರಿಸುವರು, ಮರುದಿನ ಮನಸ್ಸು ಬದಲಿಸುವರು. ಒಂದು ಹೆಜ್ಜೆ ಮುಂದೆ, ಇನ್ನೊಂದು ಹಿಂದೆ. ಬೆಳಿಗ್ಗೆ ಮೂಡಿದ ಪರಲೋಕದ ಬಯಕೆಯನ್ನು ಸಂಜೆ ಆಸೆಗಳ ಪಡೆ ಚದುರಿಸುತ್ತಿತ್ತು. ಆರು ತಿಂಗಳು ಹೀಗೆ ಕಳೆಯಿತು. ಕೊನೆಗೆ ನಾಲಿಗೆಯೇ ಕಟ್ಟಿಹೋಯಿತು. ಪಾಠ ಹೇಳಲು ಕುಳಿತರೆ ಒಂದು ಪದವೂ ಹೊರಡದು. ಅನ್ನನೀರು ಗಂಟಲಲ್ಲಿಳಿಯದು. ಇದು ಹೃದಯದಿಂದ ದೇಹಕ್ಕಿಳಿದ ರೋಗ, ಮದ್ದಿಲ್ಲವೆಂದು ವೈದ್ಯರು ಕೈಚೆಲ್ಲಿದರು. ನಿಸ್ಸಹಾಯಕರಾಗಿ ಅಲ್ಲಾಹನಿಗೆ ಮೊರೆಯಿಟ್ಟ ಬಳಿಕವೇ ಸ್ಥಾನಮಾನ, ಸಂಪತ್ತು, ಮಕ್ಕಳುಮರಿಗಳನ್ನು ಬಿಟ್ಟು ಹೊರಡುವುದು ಅವರಿಗೆ ಸುಲಭವಾಯಿತು. ಕುಟುಂಬಕ್ಕೆ ಬೇಕಾದಷ್ಟನ್ನು ಉಳಿಸಿ ಮಿಕ್ಕುದನ್ನು ಹಂಚಿ, ಮಕ್ಕಾಕ್ಕೆಂದು ಹೇಳಿ ಸಿರಿಯಾದ ಕಡೆಗೆ ಹೊರಟರು. (ರಾಜಕೀಯ ಭಯದಿಂದ ಹೊರಟರೆಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಅವರ ಆಶ್ರಯದಾತ ನಿಝಾಮುಲ್ ಮುಲ್ಕ್‌ನ ಕೊಲೆ 1092ರಲ್ಲಿ ನಡೆದಿತ್ತೆಂಬುದು ನಿಜ. ಆದರೆ ತನ್ನ ಕೀರ್ತಿಯಾಸೆಯನ್ನು ತಾನೇ ಬರೆದಿಟ್ಟವನ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.)

ಈ ಎರಡು ಬಿಕ್ಕಟ್ಟುಗಳನ್ನು ಬೆರೆಸಬಾರದು. ಮೊದಲನೆಯದರಲ್ಲಿ ಅವರಿಗೆ ಗೊತ್ತಿರಲಿಲ್ಲ. ಅಲ್ಲಿ ಸಂಕಲ್ಪಬಲದಿಂದ ಗೊತ್ತು ಮಾಡಿಕೊಳ್ಳಲು ಅವರು ಯತ್ನಿಸಲಿಲ್ಲ. ಎರಡನೆಯದರಲ್ಲಿ ಗೊತ್ತಿತ್ತು. ಅಲ್ಲಿ ಇನ್ನಷ್ಟು ಪುರಾವೆ ಕೇಳುತ್ತಾ ಕುಳಿತಿದ್ದರೆ ಅದು ಮೋಸವಾಗುತ್ತಿತ್ತು. ನಮ್ಮಲ್ಲಿ ಹಲವರು ಇವೆರಡನ್ನು ಅದಲುಬದಲು ಮಾಡಿಕೊಳ್ಳುತ್ತೇವೆ. ಪ್ರಶ್ನೆ ಕೇಳುವವನಿಗೆ ಗಟ್ಟಿಯಾಗಿ ನಂಬು ಎನ್ನುತ್ತೇವೆ. ಬಡ್ಡಿಯ ವ್ಯವಹಾರ ನಿಲ್ಲಿಸಬೇಕಾದಾಗ ಮಾತ್ರ ನಮಗೆ ಇನ್ನಷ್ಟು ವಿವರಣೆ ಬೇಕಾಗುತ್ತದೆ.

ಅರಿಯುವುದು ಮತ್ತು ಒಪ್ಪುವುದು

ಹಿಜರಿ 2ನೇ ಶತಮಾನದಲ್ಲಿ ಜಹ್ಮ್ ಬಿನ್ ಸಫ್ವಾನ್ ಎಂಬವನು ಈಮಾನ್ ಎಂದರೆ ಕೇವಲ ಅರಿವು ಎಂದು ವಾದಿಸಿದ್ದ. ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಹಾಗಾದರೆ ಇಬ್ಲೀಸನೂ ಫಿರ್‌ಔನನೂ ವಿಶ್ವಾಸಿಗಳೆನ್ನಬೇಕಾದೀತಲ್ಲ! ಆದ್ದರಿಂದ ಅವರು 'ತಸ್ದೀಕ್' ಎಂಬ ಪದವನ್ನು ಬಳಸಿದರು. ಸತ್ಯವೆಂದು ಕಂಡುದನ್ನು ಸತ್ಯವೆಂದು ಒಪ್ಪಿ ಅದಕ್ಕೆ ತಲೆಬಾಗುವುದು. ಕಾಣುವುದು ಬುದ್ಧಿಯ ಕೆಲಸ, ತಲೆಬಾಗುವುದು ಸಂಕಲ್ಪದ ಕೆಲಸ. ಈಮಾನಿನಲ್ಲಿ ಸಂಕಲ್ಪದ ಜಾಗ ಇಲ್ಲಿದೆ. ಅದಕ್ಕೂ ಮುಂಚೆ, ಕಣ್ಣು ತೆರೆದು ನೋಡಲು ಒಪ್ಪುವುದರಲ್ಲೂ ಇದೆ. ಅವೆರಡರ ನಡುವೆ, ಕಂಡುದು ಏನೆಂದು ಹೇಳುವಲ್ಲಿ ಅದಕ್ಕೆ ಜಾಗವಿಲ್ಲ.

ಭಾವನೆಯಾದರೋ ಅನೇಕ ವೇಳೆ ಒಪ್ಪಿದ ಮೇಲೆ ಬರುತ್ತದೆ, ಕೆಲವೊಮ್ಮೆ ಬಹಳ ತಡವಾಗಿ. ಸತ್ತವರನ್ನು ಹೇಗೆ ಜೀವಂತಗೊಳಿಸುವೆಯೆಂದು ತೋರಿಸು ಎಂದು ಇಬ್ರಾಹೀಮ್(ಅ) ಬೇಡಿದಾಗ, ನೀನು ನಂಬುವುದಿಲ್ಲವೇ ಎಂದು ಅಲ್ಲಾಹನು ಕೇಳಿದನು. ನಂಬಿದ್ದೇನೆ, ಆದರೆ ಹೃದಯಕ್ಕೆ ಸಮಾಧಾನ ಬೇಕೆಂದು ಅವರೆಂದರು. ಅಲ್‌ಬಕರಃ ಸೂರಃದ 260ನೇ ಸೂಕ್ತದಲ್ಲಿ ಇದಿದೆ. ಆ ಬೇಡಿಕೆಗೆ ಗದರಿಕೆ ಉತ್ತರವಾಗಿ ಬರಲಿಲ್ಲ. ನಾಲ್ಕು ಹಕ್ಕಿಗಳನ್ನು ತೆಗೆದುಕೊಳ್ಳಲು ಹೇಳಲಾಯಿತು. ವಿಶ್ವಾಸವಿದ್ದೂ ಹೃದಯ ಇನ್ನೂ ನೆಲೆಗೊಳ್ಳದಿರುವುದು ಸಾಧ್ಯವೆಂದೂ, ಅದನ್ನು ಹೇಳಿಕೊಳ್ಳುವುದು ಅಪರಾಧವಲ್ಲವೆಂದೂ ಇದರಿಂದ ತಿಳಿಯುತ್ತದೆ.

ಹನ್‌ಝಲಾ(ರ) ಎಂಬ ಸಹಾಬಿಯೊಬ್ಬರು ಒಮ್ಮೆ ಅಬೂಬಕರ್(ರ)ರನ್ನು ಕಂಡು, ಹನ್‌ಝಲಾ ಕಪಟಿಯಾಗಿಬಿಟ್ಟ ಎಂದರು. ಪ್ರವಾದಿವರ್ಯರ(ಸ) ಬಳಿಯಿರುವಾಗ ಸ್ವರ್ಗ ನರಕಗಳನ್ನು ಕಣ್ಣಾರೆ ಕಂಡಂತಾಗುತ್ತದೆ, ಮನೆಗೆ ಮರಳಿ ಮಡದಿ ಮಕ್ಕಳು, ಜಮೀನು ಎಂದು ಮುಳುಗಿದರೆ ಹೆಚ್ಚಿನದೆಲ್ಲ ಮರೆತು ಹೋಗುತ್ತದೆ ಎಂಬುದು ಅವರ ಸಂಕಟ. ನನಗೂ ಹಾಗೆಯೇ ಆಗುತ್ತದೆಂದು ಅಬೂಬಕರ್(ರ) ಹೇಳಿದರು! ಇಬ್ಬರೂ ಪ್ರವಾದಿವರ್ಯರ(ಸ) ಬಳಿಗೆ ಹೋದರು. ನೀವು ಸದಾ ಅದೇ ಸ್ಥಿತಿಯಲ್ಲಿದ್ದರೆ ಮಲಕ್‌ಗಳು ನಿಮ್ಮ ಹಾಸಿಗೆಗಳಲ್ಲೂ ದಾರಿಗಳಲ್ಲೂ ನಿಮ್ಮ ಕೈ ಕುಲುಕುತ್ತಿದ್ದರು, ಆದರೆ ಹನ್‌ಝಲಾ, ಒಂದು ಹೊತ್ತು ಹೀಗೆ, ಒಂದು ಹೊತ್ತು ಹಾಗೆ ಎಂದು ಅವರು ಸಮಾಧಾನಪಡಿಸಿದರೆಂದು ಮುಸ್ಲಿಮ್ ವರದಿ ಮಾಡಿದ್ದಾರ��.

ಆ ಯುವಕನ ಇಪ್ಪತ್ತೇಳನೇ ರಾತ್ರಿಯ ಕಣ್ಣೀರು ಕರುಣೆಯಾಗಿತ್ತು. ಅದು ಪುರಾವೆಯಾಗಿರಲಿಲ್ಲ. ಆದ್ದರಿಂದ ಅದು ಒಣಗಿದಾಗ ಯಾವ ಪುರಾವೆಯೂ ಅಳಿಯಲಿಲ್ಲ. ಅಂದು ಅವನ ಕಣ್ಣು ಒದ್ದೆಯಾಗಿದ್ದಾಗ ಯಾವ ಸೃಷ್ಟಿ, ಯಾವ ಕುರ್‌ಆನ್, ಯಾವ ಪ್ರವಾದಿಯ ಜೀವನ ಅವನ ಮುಂದಿತ್ತೋ ಅದೇ ಇಂದೂ ಅವನ ಮುಂದಿದೆ. ಗೆಳೆಯನ ಪ್ರಶ್ನೆಗೆ ಹೆದರದೆ ಅವೆಲ್ಲವನ್ನೂ ಅವನು ಮತ್ತೊಮ್ಮೆ, ಒಣಗಿದ ಕಣ್ಣಿನಿಂದಲೇ ನೋಡಬಹುದು. ಬೇಕಿದ್ದರೆ ಗೆಳೆಯನನ್ನೂ ಕರೆತರಲಿ.

ಇಷ್ಟನ್ನು ಅವನಿಗೆ ಹೇಳಿ ಕಳುಹಿಸಿದ್ದೇನೆ. ತರಗತಿ ಹಿಂದಿನಂತೆಯೇ ಮಗ್ರಿಬ್ ನಮಾಝಿನ ಬಳಿಕ ಇದೆ. ಮುಗಿದ ಮೇಲೆ ನಾನು ಕೂಡಲೇ ಏಳುವುದಿಲ್ಲ.